ನಮ್ಮೂರ ಮೇಲೆ ಹಾರುವ ವಿಮಾನಗಳನ್ನು ಗುರುತಿಸುವುದು ಹೇಗೆ?



ಹೋದ ಸಂಚಿಕೆಯಲ್ಲಿ ಆರನೇ ತರಗತಿಯವರು ರೇಷ್ಮೆ ಹುಳದ ಬಗ್ಗೆ ಬರೆದಿದ್ದರು. ಚೆನ್ನಾಗಿತ್ತು. ಈ ಸಲ ನಾನು ವಿಮಾನದ ಬಗ್ಗೆ ಬರೆಯುತ್ತಿದ್ದೇನೆ. "ನೀನು ಯಾವಾಗ ವಿಮಾನದಲ್ಲಿ ಕೂತಿದ್ದೆ?" ಎಂದು ಯಾರೂ ಕೇಳಬೇಡಿ. ನಾನು ಕೂತಿಲ್ಲ. ಆದರೆ ಏಳು ತಿಂಗಳಿಂದ ದಿನವೂ ಕತ್ತೆತ್ತಿ ನೋಡಿದ್ದೇನೆ, ನೋಡಿದ್ದನ್ನು ಬರೆದಿದ್ದೇನೆ. 200 ಪುಟದ ನೋಟ್‌ಬುಕ್ ಮುಗಿಯುತ್ತಾ ಬಂದಿದೆ.

ನಮ್ಮ ಶಾಲೆಯಲ್ಲಿ ವಿಮಾನ ಎಂದರೆ ಪಾಠ ನಿಲ್ಲುವ ಹೊತ್ತು ಎಂದೇ ಲೆಕ್ಕ. ಸಮಾಜದ ಮೇಷ್ಟ್ರು "ಅಶೋಕನು ಕಳಿಂಗ ಯುದ್ಧದ ನಂತರ" ಎಂದು ನಿಲ್ಲಿಸಿ, ಸೀಮೆಸುಣ್ಣ ಹಿಡಿದು ಕಾಯುತ್ತಾರೆ. ಶಬ್ದ ಹೋದ ಮೇಲೆ "ಬೌದ್ಧ ಧರ್ಮ ಸ್ವೀಕರಿಸಿದನು" ಎನ್ನುತ್ತಾರೆ. ಆ ನಡುವಿನ ಹೊತ್ತಿನಲ್ಲಿ ನಾವು ಕಿಟಕಿ ಕಡೆ ನೋಡ್ತೀವಿ. ನಾನು ಬರೆಯುತ್ತಿರುವುದು ಆ ಹೊತ್ತಿನ ಬಗ್ಗೆ.

ಮೊದಲು ನಿಲ್ದಾಣದ ವಿಷಯ ಚುಟುಕಾಗಿ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಅದಕ್ಕೆ ಮುಂಚೆ ಬೆಂಗಳೂರಿಗೆ ಬರುವ ವಿಮಾನಗಳು ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. 2013ರಲ್ಲಿ ಇದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟರು. ಮೊದಲು ಒಂದೇ ರನ್‌ವೇ ಇತ್ತು, ಎರಡನೆಯದು 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂತು. ಎರಡೂ ತಲಾ 4000 ಮೀಟರ್ ಉದ್ದ, ಅಂದರೆ ನಾಲ್ಕು ಕಿಲೋಮೀಟರು. ಎರಡೂ ಪೂರ್ವ ಪಶ್ಚಿಮವಾಗಿ ಅಕ್ಕಪಕ್ಕ ಮಲಗಿವೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರನ್‌ವೇ ತುದಿಯಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡ ಅಂಕಿ ಬರೆದಿರುತ್ತಾರೆ. ಅದು ದಿಕ್ಸೂಚಿಯ ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು. ಪೂರ್ವ 90 ಡಿಗ್ರಿ, ಆದ್ದರಿಂದ 09. ಪಶ್ಚಿಮ 270 ಡಿಗ್ರಿ, ಆದ್ದರಿಂದ 27. ಒಂದೇ ರನ್‌ವೇಗೆ ಎರಡು ಹೆಸರು. ಯಾವ ಕಡೆ ಮುಖ ಮಾಡಿ ಹೋಗುತ್ತೀರೋ ಆ ಹೆಸರು. ನಮ್ಮೂರು ನಿಲ್ದಾಣದ ಮೂಡಲಿಗಿದೆ. ನಮ್ಮ ತಲೆ ಮೇಲಿಂದ ಇಳಿಯಲು ಹೋಗುವ ಪೈಲಟ್‌ನ ಮುಖ ಪಡುವಲಿಗೆ, ಅಂದರೆ ಅವರಿಗೆ ಕಾಣುವ ಅಂಕಿ 27.

ಈಗ ಗಣಿತ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ಪಕ್ಕದ ಚಿತ್ರ ನೋಡಿ (ತ್ರಿಕೋನ ಸ್ವಲ್ಪ ಸೊಟ್ಟಗಿದೆ, ನನ್ನ ಕೋನಮಾಪಕ ಒಡೆದಿದೆ). ಗಣಿತ ಮೇಷ್ಟ್ರು ಲೆಕ್ಕ ಹಾಕಿಸಿದರು. 3 ಡಿಗ್ರಿ ಇಳಿಜಾರಿನಲ್ಲಿ ಒಂದು ಕಿಲೋಮೀಟರು ದೂರಕ್ಕೆ ಸುಮಾರು 52 ಮೀಟರ್ ಎತ್ತರ. ರನ್‌ವೇ ಅಂಚನ್ನು ಸುಮಾರು 15 ಮೀಟರ್ ಎತ್ತರದಲ್ಲಿ ದಾಟುತ್ತದೆ. ನಮ್ಮ ಶಾಲೆ ರನ್‌ವೇ ತುದಿಯಿಂದ 5 ಕಿಲೋಮೀಟರು ಎಂದಿಟ್ಟುಕೊಂಡರೆ 5 × 52 = 260, ಅದಕ್ಕೆ 15 ಸೇರಿಸಿದರೆ 275 ಮೀಟರ್. ಕುತುಬ್ ಮಿನಾರ್ ಸುಮಾರು 72.5 ಮೀಟರ್ ಇದೆ. ನಾಲ್ಕು ಕುತುಬ್ ಮಿನಾರ್‌ಗಳನ್ನು ನಮ್ಮ ಧ್ವಜಸ್ತಂಭದ ಹತ್ತಿರ ಒಂದರ ಮೇಲೊಂದು ಇಟ್ಟರೆ ನಾಲ್ಕನೆಯದರ ತಲೆಗೆ ವಿಮಾನ ಡಿಕ್ಕಿ ಹೊಡೆಯುತ್ತದೆ! ಆಗ ಅದರ ವೇಗ ಗಂಟೆಗೆ ಸುಮಾರು 250 ಕಿಲೋಮೀಟರು. ಅಂದರೆ ನಮ್ಮ ಶಾಲೆ ದಾಟಿದ ಮೇಲೆ ರನ್‌ವೇ ತಲುಪಲು ಅದಕ್ಕೆ ಬೇಕಾದದ್ದು 72 ಸೆಕೆಂಡು. ನೀವೇ ಭಾಗಾಕಾರ ಮಾಡಿ ನೋಡಬಹುದು. ಈ 72 ಸೆಕೆಂಡಿನ ಬಗ್ಗೆ ಆಮೇಲೆ ಒಂದು ಮಾತು ಹೇಳಲಿಕ್ಕಿದೆ.

ನನ್ನ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಮನೆ ಮಾಡಿದ್ದೇನೆ. ದಿನಾಂಕ, ಹೊತ್ತು, ಯಾವ ಕಡೆಯಿಂದ ಬಂತು, ಚಕ್ರ ಕೆಳಗಿತ್ತೋ ಇಲ್ಲವೋ, ಬಾಲದ ಬಣ್ಣ, ಜಾತಿ. ಕೊನೆಗೆ ಗಾಳಿ ಎಂಬ ಒಂದು ಮನೆ. ಗಾಳಿ ಮನೆಯನ್ನು ವಿಜ್ಞಾನದ ಮಿಸ್ ಹಾಕಿಸಿದ್ದು. ಯಾಕೆ ಅಂತ ಆಗ ಹೇಳಲಿಲ್ಲ. "ಬರೀತಾ ಹೋಗು" ಅಂದರು ಅಷ್ಟೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಪುಟವೂ ಒಂದೇ ಥರ. ವಿಮಾನ ಮೂಡಲಿಂದ ಬಂತು, ಚಕ್ರ ಇಳಿದಿತ್ತು, ಪಡುವಲಿಗೆ ಹೋಯಿತು. ಒಂದು ಪೀರಿಯಡ್‌ನಲ್ಲಿ ಹನ್ನೊಂದು ಬಂದದ್ದೂ ಉಂಟು. ಅಕ್ಟೋಬರ್ ಕಳೆಯುತ್ತಾ ಬಂದ ಹಾಗೆ ಒಂದು ದಿನ ಎಲ್ಲ ಉಲ್ಟಾ! ವಿಮಾನ ಪಡುವಲಿಂದ ಬಂತು, ಚಕ್ರ ಒಳಗಿತ್ತು, ಶಬ್ದ ಇನ್ನೂ ಜಾಸ್ತಿ, ಮೂತಿ ಮೇಲಕ್ಕೆ. ಅಂದರೆ ಇಳಿಯುತ್ತಿಲ್ಲ, ಏರುತ್ತಿದೆ. ಮಾರನೇ ದಿನ ಮತ್ತೆ ಹಳೇ ಥರ. ಹೀಗೆ ನಾಲ್ಕೈದು ದಿನ ಅತ್ತಿತ್ತ ಆಡಿ, ಆಮೇಲೆ ಪೂರಾ ತಿರುಗಿಬಿಟ್ಟಿತು. ನಾನು ತಪ್ಪು ಬರೆದೆನೇನೋ ಎಂದು ಹೆದರಿದೆ. ನಿಲ್ದಾಣದವರು ರನ್‌ವೇ ರಿಪೇರಿ ಮಾಡುತ್ತಿರಬೇಕು ಎಂದು ನಮ್ಮಣ್ಣ ಹೇಳಿದ. ಅವನಿಗೆ ಎಲ್ಲದಕ್ಕೂ ಒಂದು ಉತ್ತರ ಇರುತ್ತೆ.

ನಿಜವಾದ ಉತ್ತರ ಹೇಳಿದ್ದು ನಮ್ಮ ತಾತ. ತಾತ ವಿಮಾನ ಹತ್ತಿಲ್ಲ, ಓದು ನಾಲ್ಕನೇ ಕ್ಲಾಸು. ಕಣದಲ್ಲಿ ಕಲ್ಲು ಆರಿಸುತ್ತಿದ್ದರು. ನಾನು ನೋಟ್‌ಬುಕ್ ತೋರಿಸಿ ಕೇಳಿದೆ.

"ಗಾಳಿ ಅಂತ ಬರ್ದಿದ್ದೀಯಲ್ಲ, ಅದನ್ನ ಓದು," ಅಂದರು.

ಓದಿದೆ. ಜೂನ್, ಜುಲೈ, ಆಗಸ್ಟ್, ಪಡುವಲ ಗಾಳಿ, ಪಡುವಲ ಗಾಳಿ. ಅಕ್ಟೋಬರ್ ಕೊನೆಗೆ ಮೂಡಲ ಗಾಳಿ.

"ಇನ್ನೇನು ಮತ್ತೆ? ಮುಂಗಾರು ಗಾಳಿ ಪಡುವಲಿಂದ. ದಸರೆ ಕಳೆದ್ರೆ ಮೂಡಲಿಂದ. ರಾಗಿ ತೂರೋವಾಗ ನಾನೂ ಗಾಳಿ ನೋಡೇ ಮೊರ ಎತ್ತೋದು. ನೋಡ್ದೆ ನಿಂತ್ರೆ ಹೊಟ್ಟೆಲ್ಲ ಮುಖಕ್ಕೆ. ನಿನ್ನ ವಿಮಾನಾನೂ ಗಾಳಿ ನೋಡ್ಕಂಡೇ ಹೋಗ್ತದೆ ಕಣವ್ವ."

ಮಾರನೇ ದಿನ ಮಿಸ್‌ಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಆಮೇಲೆ ಬೋರ್ಡ್ ಮೇಲೆ ವಿವರಿಸಿದರು. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಕೆಳಗೆ ಹರಿಯುವ ಗಾಳಿ. ನೆಲದ ಮೇಲೆ ಎಷ್ಟು ವೇಗ ಎನ್ನುವುದು ರೆಕ್ಕೆಗೆ ಬೇಕಿಲ್ಲ, ಗಾಳಿ ಎಷ್ಟು ವೇಗದಲ್ಲಿ ಬಡಿಯುತ್ತದೆ ಎನ್ನುವುದಷ್ಟೇ ಬೇಕು. ರೆಕ್ಕೆಗೆ ಗಂಟೆಗೆ 250 ಕಿಲೋಮೀಟರು ಗಾಳಿ ಬೇಕು ಎಂದುಕೊಳ್ಳಿ. ಎದುರಿನಿಂದ 30 ಕಿಲೋಮೀಟರು ವೇಗದ ಗಾಳಿ ಬೀಸುತ್ತಿದ್ದರೆ ವಿಮಾನ ನೆಲದ ಮೇಲೆ 220ರಲ್ಲಿ ಓಡಿದರೆ ಸಾಕು. ಬೆನ್ನಿನಿಂದ ಅದೇ ಗಾಳಿ ಬೀಸಿದರೆ 280ರಲ್ಲಿ ಓಡಬೇಕು. ಇಳಿಯುವಾಗ 280ರಲ್ಲಿ ನೆಲ ಮುಟ್ಟಿದರೆ ನಿಲ್ಲಿಸಲು ಎಷ್ಟು ಉದ್ದ ಜಾಗ ಬೇಕು ಯೋಚಿಸಿ. ಅದಕ್ಕೇ ಇಳಿಯುವಾಗಲೂ ಏರುವಾಗಲೂ ಗಾಳಿಗೆ ಎದುರು. ನಾವು ಗಾಳಿಪಟ ಎಬ್ಬಿಸುವಾಗ ಗಾಳಿಗೆ ಎದುರಾಗಿ ಓಡುವುದಿಲ್ಲವೇ? ಅದೇ ಲೆಕ್ಕ.

ಹಾಗಾಗಿ ಮಳೆಗಾಲದಲ್ಲಿ ನಮ್ಮೂರಿಗೆ ಸಿಗುವುದು ಹೆಚ್ಚಾಗಿ ಇಳಿಯುವ ವಿಮಾನ, ಚಳಿಗಾಲದಲ್ಲಿ ಏರುವ ವಿಮಾನ. ನಿಲ್ದಾಣದ ಪಡುವಲಿಗಿರುವ ಊರುಗಳವರಿಗೆ ಇದು ತಿರುಗುಮುರುಗು.

ಇನ್ನು ಜಾತಿ ಗುರುತಿಸುವುದು. ನಮ್ಮ ತರಗತಿಯಲ್ಲಿ ಎಲ್ಲರೂ ಬಣ್ಣ ನೋಡಿ "ಇಂಡಿಗೋ" ಅಂತ ಕೂಗ್ತಾರೆ. ಅದು ಕಂಪನಿಯ ಹೆಸರು, ವಿಮಾನದ ಜಾತಿಯಲ್ಲ. ಬಸ್ಸಿಗೆ ಕೆಎಸ್‌ಆರ್‌ಟಿಸಿ ಎಂದ ಹಾಗೆ. ಬಸ್ಸು ಟಾಟಾನೋ ಲೈಲ್ಯಾಂಡೋ ಎನ್ನುವುದು ಬೇರೆ ವಿಷಯ. ಬಣ್ಣವನ್ನು ನಂಬಿದರೆ ಇನ್ನೊಂದು ತೊಂದರೆಯಿದೆ. ಕಂಪನಿಗಳು ಹೋಗುತ್ತವೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದವು. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿತು. ಆಕಾರ ಮಾತ್ರ ಬದಲಾಗಲ್ಲ.

ನಮಗೆ ಅತಿ ಹೆಚ್ಚು ಕಾಣುವುದು ಎರಡು ಜಾತಿ. ಏರ್‌ಬಸ್ ಎ320 ಮತ್ತು ಬೋಯಿಂಗ್ 737. ದೂರದಿಂದ ಅವಳಿಜವಳಿ. ಎರಡಕ್ಕೂ ರೆಕ್ಕೆ ಕೆಳಗೆ ಒಂದೊಂದು ಎಂಜಿನ್. ನಾನು ಎರಡು ತಿಂಗಳು ಇವುಗಳನ್ನು ಅದಲುಬದಲು ಬರೆದಿದ್ದೇನೆ, ಆ ಪುಟಗಳು ಈಗ ಕೆಲಸಕ್ಕೆ ಬಾರದವು. ವಿಮಾನ ಏರುತ್ತಿದ್ದರೆ ಹೊಟ್ಟೆ ನೋಡಿ. 737ರ ದೊಡ್ಡ ಚಕ್ರಗಳಿಗೆ ಪೂರ್ತಿ ಮುಚ್ಚಳ ಇಲ್ಲ. ಮಡಚಿಕೊಂಡ ಮೇಲೂ ಹೊಟ್ಟೆಯ ಕೆಳಗೆ ಎರಡು ಕಪ್ಪು ಬಿಲ್ಲೆಗಳ ಹಾಗೆ ಕಾಣುತ್ತವೆ. ಎ320ರ ಹೊಟ್ಟೆ ನಯವಾಗಿ ಮುಚ್ಚಿಕೊಳ್ಳುತ್ತದೆ. ಇದಕ್ಕಿಂತ ಸುಲಭದ ಗುರುತು ಇಲ್ಲ. ಆದರೆ ಇಳಿಯುವಾಗ ಎರಡರ ಚಕ್ರವೂ ಹೊರಗಿರುವುದರಿಂದ ಮಳೆಗಾಲದಲ್ಲಿ ಇದು ನಡೆಯುವುದಿಲ್ಲ. ಆಗ ಬಾಲ ನೋಡಬೇಕು. 737ರ ನಿಂತ ಬಾಲದ ಬುಡದಲ್ಲಿ ಮುಂದಕ್ಕೆ ಚಾಚಿದ ಒಂದು ಇಳಿಜಾರು ಮೆಟ್ಟಿಲು ಇದೆ. ಎ320ರ ಬಾಲ ಬೆನ್ನಿನಿಂದ ನೇರವಾಗಿ ಏಳುತ್ತದೆ. ಮೂತಿಯೂ ಬೇರೆ, 737ರದ್ದು ಚೂಪು, ಎ320ರದ್ದು ದುಂಡು. ಹಳೆಯ 737ಗಳ ಎಂಜಿನ್ ತಳ ಚಪ್ಪಟೆಯಾಗಿರುತ್ತದೆ. ಅದು 1967ರಲ್ಲಿ ಮೊದಲು ಹಾರಿದ ವಿನ್ಯಾಸ, ನೆಲಕ್ಕೆ ಹತ್ತಿರ. ಆಮೇಲೆ ದೊಡ್ಡ ಎಂಜಿನ್ ಬಂದಾಗ ಕೆಳಗೆ ಜಾಗ ಸಾಲದೆ ತಳ ಚಪ್ಪಟೆ ಮಾಡಿದರು. ಆಕಾಶ ಏರ್‌ನವರ ವಿಮಾನಗಳು 737. ಇಂಡಿಗೋದಲ್ಲಿ ಎ320 ಮನೆತನದವೇ ಹೆಚ್ಚು. ಅದರಲ್ಲೇ ಉದ್ದನೆಯದು ಕಂಡರೆ ಎ321, ಅದು ಎ320ಗಿಂತ ಸುಮಾರು 7 ಮೀಟರ್ ಉದ್ದ.

ಎಟಿಆರ್ 72 ಅನ್ನು ಒಂದನೇ ತರಗತಿಯವರೂ ಗುರುತಿಸಬಹುದು. ರೆಕ್ಕೆ ಬೆನ್ನಿನ ಮೇಲಿದೆ, ಎರಡು ಕಡೆ ಫ್ಯಾನು. ನಾವು ಕೆರೆ ಹತ್ತಿರ ಹಿಡಿಯುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಥರ. ಒಂದೊಂದು ಫ್ಯಾನಿಗೆ ಆರು ಎಲೆ.

ಎಲ್ಲಕ್ಕಿಂತ ದೊಡ್ಡದು ಎ380. ಎರಡು ಅಂತಸ್ತು, ನಾಲ್ಕು ಎಂಜಿನ್, 22 ಚಕ್ರ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ತುದಿಗೆ ಸುಮಾರು 80 ಮೀಟರ್. ಖೋಖೋ ಅಂಕಣ 27 ಮೀಟರ್. ಮೂರು ಅಂಕಣ ಸಾಲಾಗಿ ಇಟ್ಟ ಹಾಗೆ! ಬೆಂಗಳೂರಿಗೆ ಅದು ಮೊದಲ ಸಲ ಬಂದದ್ದು 2022ರ ಅಕ್ಟೋಬರ್ 14ರಂದು, ದುಬೈಯಿಂದ. ನನ್ನ ಪುಸ್ತಕಕ್ಕೆ ಅದಿನ್ನೂ ಸಿಕ್ಕಿಲ್ಲ.

ಪ್ರತಿ ವಿಮಾನದ ಹಿಂಭಾಗದಲ್ಲಿ ಅದರ ನಂಬರು ಬರೆದಿರುತ್ತದೆ, ಬೈಕಿನ ನಂಬರ್ ಪ್ಲೇಟಿನಂತೆ. ನಮ್ಮ ದೇಶದ್ದು ವಿಟಿ ಎಂದು ಶುರುವಾಗಿ ಮುಂದೆ ಮೂರು ಅಕ್ಷರ. ವಿಟಿ ಎನ್ನುವುದು ಬ್ರಿಟಿಷರ ಕಾಲದಲ್ಲಿ ಬಂದದ್ದು, ಹಾಗೇ ಉಳಿದಿದೆ. ಮೂರು ಅಕ್ಷರದಿಂದ ಎಷ್ಟು ನಂಬರು ಮಾಡಬಹುದು? 26 × 26 × 26 = 17,576. ಎ6 ಇದ್ದರೆ ಸಂಯುಕ್ತ ಅರಬ್ ಸಂಸ್ಥಾನ, 9ವಿ ಇದ್ದರೆ ಸಿಂಗಪುರ, ಡಿ ಇದ್ದರೆ ಜರ್ಮನಿ, ಜಿ ಇದ್ದರೆ ಬ್ರಿಟನ್. ಬರಿಗಣ್ಣಿಗೆ ಕಾಣುವುದು ಕಷ್ಟ. ಅದಕ್ಕೆ ಫೋಟೋ ಬೇಕು.

ಫೋಟೋ ತೆಗೆದದ್ದು ನಮ್ಮ ಮಾವ. ಅವರು ಮದುವೆ ಫೋಟೋ ತೆಗೆಯುತ್ತಾರೆ. ಒಂದು ಭಾನುವಾರ ಅವರ ಉದ್ದ ಲೆನ್ಸು ತಂದು, ನಮ್ಮ ಹೊಲದ ಬದುವಿನ ಮೇಲೆ ನಿಂತು ನನಗೂ ಕ್ಯಾಮೆರಾ ಕೊಟ್ಟರು. ನಾನು ತೆಗೆದ ಮೊದಲ ಇಪ್ಪತ್ತು ಫೋಟೋದಲ್ಲಿ ಬರೀ ಆಕಾಶ, ಎರಡರಲ್ಲಿ ಬಾಲ. ವಿಮಾನ ಹೋದ ಜಾಗಕ್ಕೆ ಗುರಿ ಇಡಬಾರದು, ವಿಮಾನದ ಜೊತೆಗೇ ಸೊಂಟ ತಿರುಗಿಸುತ್ತಾ ಹೋಗಿ ಒತ್ತಬೇಕು. ಜೆಟ್ ವಿಮಾನಕ್ಕೆ ಶಟರ್ ವೇಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಇರಬೇಕಂತೆ. ಆದರೆ ಎಟಿಆರ್‌ಗೆ ಅದೇ ಇಟ್ಟರೆ ಫ್ಯಾನು ನಿಂತುಹೋದ ಹಾಗೆ ಕಾಣುತ್ತದೆ, ನೋಡಿದವರಿಗೆ ಭಯವಾಗುತ್ತದೆ! ಅದಕ್ಕೆ ನಿಧಾನದ ಶಟರ್ ಇಟ್ಟು ಕೈ ಅಲುಗಾಡದಂತೆ ಹಿಡಿಯಬೇಕು. ಮಧ್ಯಾಹ್ನ ನೆಲದ ಬಿಸಿಗೆ ಗಾಳಿ ಅಲೆ ಅಲೆಯಾಗಿ ಏಳುವುದರಿಂದ ದೂರದ ಫೋಟೋ ನೀರಿನೊಳಗೆ ತೆಗೆದ ಹಾಗೆ ಬರುತ್ತದೆ. ಬೆಳಗ್ಗೆ, ಸಂಜೆ ಒಳ್ಳೆಯದು.

ಸೂರ್ಯ ಬೆನ್ನ ಹಿಂದೆ ಇರಬೇಕು. ವಿಮಾನದ ದಾರಿ ಪೂರ್ವ ಪಶ್ಚಿಮ, ಆದ್ದರಿಂದ ಚಳಿಗಾಲದಲ್ಲಿ ದಾರಿಯ ದಕ್ಷಿಣಕ್ಕೆ ನಿಲ್ಲಬೇಕು. ಆದರೆ ಆಗಸ್ಟ್ 18ರ ಸುಮಾರಿಗೆ ಮಿಸ್ ಧ್ವಜಸ್ತಂಭದ ನೆರಳು ಮಾಯವಾದದ್ದನ್ನು ತೋರಿಸಿದ್ದು ನೆನಪಿದೆಯೇ? ಏಪ್ರಿಲ್ 24-25ರ ಸುಮಾರಿಗೂ ಹಾಗೇ ಆಗುತ್ತದೆ, ಆಗ ನಮಗೆ ರಜೆ. ಈ ಎರಡು ದಿನಗಳ ನಡುವೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಆಗ ಉತ್ತರಕ್ಕೆ ನಿಲ್ಲಬೇಕು. ಇದನ್ನು ಮಾವನಿಗೆ ಹೇಳಿದ್ದು ನಾನು. ಅವರು ಹದಿನೈದು ವರ್ಷದಿಂದ ಫೋಟೋ ತೆಗೆದರೂ ಗಮನಿಸಿರಲಿಲ್ಲವಂತೆ.

ಹೊರದೇಶಗಳಲ್ಲಿ ಹೀಗೆ ವಿಮಾನ ನೋಡಿ ಬರೆಯುವುದು ದೊಡ್ಡ ಹವ್ಯಾಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಅಬ್ಸರ್ವರ್ ಕೋರ್ ಎಂಬ ದಳದವರು ಆಕಾರ, ಶಬ್ದಗಳಿಂದಲೇ ಶತ್ರು ವಿಮಾನ ಗುರುತಿಸಿ ಸುದ್ದಿ ಮುಟ್ಟಿಸುತ್ತಿದ್ದರು. ಈಗಲೂ ಲಂಡನ್ನಿನ ಹೀಥ್ರೂ ನಿಲ್ದಾಣದ ಪಕ್ಕ ಮರ್ಟಲ್ ಅವೆನ್ಯೂ ಎಂಬ ಬೀದಿಯ ಹುಲ್ಲಿನ ಮೇಲೆ ಜನ ಕ್ಯಾಮೆರಾ ಹಿಡಿದು ಕೂರುತ್ತಾರೆ. ಆದರೆ ಎಲ್ಲ ಕಡೆ ಹೀಗಿಲ್ಲ. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟಾ ಎಂಬಲ್ಲಿ ಸೇನೆಯ ವಿಮಾನ ನೆಲೆಗೆ ಹೋಗಿದ್ದ 12 ಜನ ಬ್ರಿಟಿಷರು, 2 ಜನ ಡಚ್ಚರನ್ನು ಗೂಢಚಾರರೆಂದು ಹಿಡಿದರು. ಅವರು ಮಾಡುತ್ತಿದ್ದದ್ದು ವಿಮಾನದ ನಂಬರು ಬರೆದುಕೊಳ್ಳುವುದು. 2002ರ ಏಪ್ರಿಲಿನಲ್ಲಿ ಶಿಕ್ಷೆಯೂ ಆಯಿತು. ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಎಲ್ಲರನ್ನೂ ಬಿಡುಗಡೆ ಮಾಡಿತು. ನಮ್ಮ ದೇಶದಲ್ಲೂ ವಿಮಾನ ನಿಲ್ದಾಣದೊಳಗೆ ಅನುಮತಿಯಿಲ್ಲದೆ ಫೋಟೋ ತೆಗೆಯಬಾರದೆಂದು 1937ರ ವಿಮಾನ ನಿಯಮಗಳಲ್ಲೇ ಬರೆದಿತ್ತು. ಅದಕ್ಕೇ ಮಾವ ನಿಲ್ದಾಣದ ಕಾಂಪೌಂಡ್ ಹತ್ತಿರ ಹೋಗೋದೇ ಬೇಡ ಅಂದರು. ನಮ್ಮ ಹೊಲ ನಮಗೆ ಸಾಕು.

ಇನ್ನು 72 ಸೆಕೆಂಡಿನ ಮಾತು. ಇದನ್ನು ಬರೆಯೋದೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಮಿಸ್ "ನಿನ್ನ ಇಷ್ಟ" ಅಂದರು.

ಹೋದ ಮೇ ತಿಂಗಳ ಜಾತ್ರೆಯಲ್ಲಿ ಹಸಿರು ಲೇಸರ್ ಟಾರ್ಚ್ ಮಾರುತ್ತಿದ್ದರು. ನಿಮ್ಮಲ್ಲಿ ಸುಮಾರು ಜನ ತಗೊಂಡಿರಿ. ನಾನೂ ತಗೊಂಡೆ. ರಾತ್ರಿ ನಮ್ಮ ಮನೆ ಮಾಳಿಗೆ ಮೇಲೆ ನಿಂತು, ಮೂಡಲಿಂದ ದೀಪ ಹಾಕಿಕೊಂಡು ಬರುತ್ತಿದ್ದ ವಿಮಾನದ ಮೂತಿಗೆ ಬಿಟ್ಟೆ. ಒಂದಕ್ಕಲ್ಲ, ಮೂರಕ್ಕೆ. ತಾಗಿತು ತಾಗಿತು ಎಂದು ತಮ್ಮ ಕುಣಿದ. ಶಾಲೆ ಶುರುವಾದಾಗ ನಾನೇ ಜಂಬದಿಂದ ಮಿಸ್‌ಗೆ ಹೇಳಿದೆ. ಮಿಸ್ ಬೈಯಲಿಲ್ಲ. ಕಿಟಕಿ ಬಾಗಿಲು ಹಾಕಿ ಕೋಣೆ ಕತ್ತಲು ಮಾಡಿ ಒಂದಿಷ್ಟು ಹೊತ್ತು ಸುಮ್ಮನೆ ಕೂರಿಸಿದರು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಗೀರು ಬಿದ್ದ ಒಂದು ಗಾಜಿನ ತುಂಡನ್ನು ನನ್ನ ಮುಂದೆ ಇಟ್ಟು, ಪಕ್ಕದಿಂದ ಮಾಮೂಲಿ ಬ್ಯಾಟರಿ ದೀಪ ಅದರ ಮೇಲೆ ಬಿಟ್ಟರು. ಗಾಜೆಲ್ಲ ಬೆಳ್ಳಗಾಯಿತು. ಗಾಜಿನ ಆಚೆ ಹಿಡಿದಿದ್ದ ಪುಸ್ತಕ ನನಗೆ ಕಾಣಲೇ ಇಲ್ಲ. ದೀಪ ಆರಿಸಿದ ಮೇಲೂ ಕಣ್ಣಲ್ಲಿ ಬಣ್ಣದ ಚುಕ್ಕೆ.

ಲೇಸರ್ ಬೆಳಕು ಕೈಯಲ್ಲಿ ಸಾಸಿವೆ ಕಾಳಿನಷ್ಟು ಇದ್ದರೂ ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ಪೈಲಟ್‌ನ ಮುಂದಿನ ಗಾಜಿಗೆ ಬಿದ್ದಾಗ ಗಾಜೆಲ್ಲ ಹಸಿರಾಗಿ ಹೊಳೆಯುತ್ತದೆ. ನೆಲ ಮುಟ್ಟಲು ಉಳಿದದ್ದು 72 ಸೆಕೆಂಡು. ಒಂದು ಎ320ರಲ್ಲಿ ಸುಮಾರು 180 ಜನ. ಮೂರು ವಿಮಾನಕ್ಕೆ ಎಷ್ಟು ಎಂದು ಗುಣಾಕಾರ ಮಾಡಿದೆ, ಆ ರಾತ್ರಿ ನಿದ್ದೆ ಬರಲಿಲ್ಲ. ಟಾರ್ಚನ್ನು ಮಿಸ್ ಹತ್ತಿರ ಕೊಟ್ಟೆ. ಅವರು ಬದಲಿಗೆ ಒಂದು 200 ಪುಟದ ನೋಟ್‌ಬುಕ್ ಕೊಟ್ಟರು. ಈ ಲೇಖನ ಶುರುವಾದದ್ದು ಹಾಗೆ. ಹೀಗೆ ಲೇಸರ್ ಬಿಟ್ಟರೆ ಪೊಲೀಸ್ ಕೇಸೂ ಆಗುತ್ತದೆ ಎಂದು ಆಮೇಲೆ ಗೊತ್ತಾಯಿತು.

ನಮ್ಮ ತರಗತಿಯಲ್ಲಿ ಇನ್ನೂ ನಾಲ್ಕು ಜನರ ಹತ್ತಿರ ಆ ಟಾರ್ಚ್ ಇದೆ, ನನಗೆ ಗೊತ್ತು, ಹೆಸರು ಬರೆಯುವುದಿಲ್ಲ. ಮಿಸ್ ಟೇಬಲ್ಲಿನ ಎಡಗಡೆ ಡ್ರಾಯರ್‌ಗೆ ಬೀಗ ಇಲ್ಲ. ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ.

ಕೋಳಿ ಅಂಗಡಿಯ ಕಸವನ್ನು ಕೆರೆ ಏರಿ ಮೇಲೆ ಸುರಿಯುವುದೂ ಇದೇ ಸಾಲಿಗೆ ಸೇರುತ್ತದೆ. ಹದ್ದು ಬರುತ್ತವೆ, ಹದ್ದು ಎಂಜಿನ್‌ಗೆ ಹೋಗುತ್ತವೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಬಾತುಗಳ ಹಿಂಡು ಬಡಿದು ಒಂದು ಎ320ರ ಎರಡೂ ಎಂಜಿನ್ ಕೆಟ್ಟವು. ಪೈಲಟ್ ಅದನ್ನು ಹಡ್ಸನ್ ನದಿಯ ನೀರಿನ ಮೇಲೆ ಇಳಿಸಿ 155 ಜನರನ್ನೂ ಉಳಿಸಿದರು. ನಮ್ಮ ಕೆರೆಯಲ್ಲಿ ವಿಮಾನ ಇಳಿಸುವಷ್ಟು ನೀರಿಲ್ಲ.

ಮಾವ ತೆಗೆದ ಎರಡು ಫೋಟೋಗಳನ್ನು ಕೆಳಗೆ ಅಂಟಿಸಿದ್ದೇನೆ. ದಯವಿಟ್ಟು ಕೀಳಬೇಡಿ. ಒಂದು ಎ320, ಒಂದು 737. ಯಾವುದು ಯಾವುದು ಎಂದು ಬರೆದಿಲ್ಲ, ಹೊಟ್ಟೆ ನೋಡಿ ಹೇಳಿ. ಈ ಶನಿವಾರ ಮಧ್ಯಾಹ್ನ ನಮ್ಮ ಕಣದಲ್ಲಿ ರಾಗಿ ತೂರುತ್ತಾರೆ. ನೋಡಲು ಬರುವವರು ಪೆನ್ಸಿಲ್ ತನ್ನಿ. ಕಣದ ಮೂಡಲ ಬದಿಗೇ ನಿಲ್ಲಿ, ಪಡುವಲಿಗೆ ನಿಂತರೆ ಹೊಟ್ಟೆಲ್ಲ ಮೈಮೇಲೆ.

7ನೇ ತರಗತಿ ವಿದ್ಯಾರ್ಥಿನಿ